ಒಂದೇ ಅಪಾರ್ಟ್‌ಮೆಂಟಿನಲ್ಲಿ ಐದು ಫ್ಲ್ಯಾಟ್ ಬ್ಯಾಂಕ್ ಹರಾಜಿಗೆ: ಈಗ ಕೂಗಬೇಕೋ, ಕಾಯಬೇಕೋ?

ಹೊಸಿಲು (ಪ್ರಶ್ನೆ; ಇದೂ ಮುಂದಿನ ಶೀರ್ಷಿಕೆಗಳೂ ಬರೆದವರ ಅಡ್ಡಹೆಸರುಗಳು)

ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ 240 ಮನೆಗಳ ಒಂದು ಅಪಾರ್ಟ್‌ಮೆಂಟ್. ಅದರಲ್ಲಿ ಐದು ಫ್ಲ್ಯಾಟ್‌ಗಳು ಸರ್ಫೇಸಿ ಕಾಯ್ದೆಯಡಿ (ಸಾಲ ತೀರದಿದ್ದರೆ ಅಡಮಾನದ ಆಸ್ತಿಯನ್ನು ಬ್ಯಾಂಕೇ ಮಾರಲು ಬಿಡುವ ಕಾಯ್ದೆ) ಹರಾಜಿಗೆ ಬಂದಿವೆ. ನಮಗೆ ಹೊಂದುವಂಥವು ಎರಡು, ಎರಡೂ 1,250 ಚದರ ಅಡಿ.

ಮೊದಲನೆಯದು ಮೂರನೇ ಮಹಡಿಯದು. ಭೌತಿಕ ಸ್ವಾಧೀನ ಬ್ಯಾಂಕಿನ ಕೈಯಲ್ಲಿದೆ, ಮೊದಲ ಸಲ ಹರಾಜು, ಮೀಸಲು ಬೆಲೆ (ಇದಕ್ಕಿಂತ ಕಡಿಮೆಗೆ ಕೂಗುವಂತಿಲ್ಲ) 72 ಲಕ್ಷ. ಎರಡನೆಯದು ಏಳನೇ ಮಹಡಿಯದು. ಸಾಂಕೇತಿಕ ಸ್ವಾಧೀನ ಮಾತ್ರ (ಕಾಗದದ ಮೇಲೆ ಬ್ಯಾಂಕಿನದು, ಕೀಲಿ ಕೈಗೆ ಬಂದಿಲ್ಲ), ಒಳಗೆ ಜನ ಇದ್ದಾರೆ, ಮೂರನೇ ಸಲ ಹರಾಜು, ಮೀಸಲು ಬೆಲೆ 61 ಲಕ್ಷ. ಅದೇ ಕಟ್ಟಡದಲ್ಲಿ ಮಾಲೀಕರೇ ಮಾರುತ್ತಿರುವ ಫ್ಲ್ಯಾಟ್‌ಗಳಿಗೆ 85ರಿಂದ 88 ಲಕ್ಷ ಹೇಳುತ್ತಾರೆ, ಆದರೆ ತಿಂಗಳುಗಳಿಂದ ಯಾವುದೂ ಮಾರಾಟವಾಗಿಲ್ಲ. 80ಕ್ಕೆ ಇಳಿಯುವವರು ಇದ್ದಾರೆ ಎಂದು ಬ್ರೋಕರ್ ಹೇಳುತ್ತಾರೆ. ನಮ್ಮ ಕೈಯಲ್ಲಿರುವುದು 30 ಲಕ್ಷ, ಉಳಿದದ್ದು ಸಾಲವೇ. ಈಗಿನ ಮನೆಯ ಬಾಡಿಗೆ 28,000.

ಎರಡರಲ್ಲಿ ಯಾವುದು ಸರಿ? ಬೆಲೆ ಇನ್ನೂ ಇಳಿಯುತ್ತದೆಯೆಂದು ಕಾಯಬೇಕೇ? ಹರಾಜಿನ ಮೊತ್ತದ ಮೇಲೆ ಇನ್ನೆಷ್ಟು ಬೀಳುತ್ತದೆ?

ಲೆಕ್ಕದ ಪುಸ್ತಕ

ಮೂರನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಮೊದಲೆರಡರ ಉತ್ತರ ಅದರಲ್ಲೇ ಇದೆ.

ಮೊದಲ ಫ್ಲ್ಯಾಟ್ 76 ಲಕ್ಷಕ್ಕೆ ನಿಂತಿತು ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, ಜೊತೆಗೆ ನೋಂದಣಿ ಶುಲ್ಕ ಶೇ 2 (2025ರ ಆಗಸ್ಟ್ 31ರಿಂದ ಇದು ದುಪ್ಪಟ್ಟಾಗಿದೆ). ಎಲ್ಲ ಸೇರಿ ಶೇ 7.6, ಅಂದರೆ 5.78 ಲಕ್ಷ. ಹರಾಜಿಗೆ ಬಂದ ಮನೆಯಲ್ಲಿ ನಿರ್ವಹಣಾ ಶುಲ್ಕದ ಬಾಕಿ ಇಲ್ಲದಿರುವುದೇ ಅಪರೂಪ; ಎರಡು ಮೂರು ವರ್ಷದ್ದು ಬಡ್ಡಿ ಸಮೇತ 2.4 ಲಕ್ಷ ಎಂದು ಹಿಡಿಯೋಣ. ಆಸ್ತಿ ತೆರಿಗೆ ಮತ್ತು ವಿದ್ಯುತ್ ಬಾಕಿಗೆ 40,000. ಬೀಗ ಹಾಕಿ ಬಿಟ್ಟ ಮನೆಗೆ ಪ್ಲಂಬಿಂಗ್, ವೈರಿಂಗ್, ಬಣ್ಣ, ಕಿತ್ತುಹೋದ ಅಡುಗೆಮನೆ ಕಪಾಟು ಎಂದು 3 ಲಕ್ಷ. ದಾಖಲೆ ನೋಡುವ ವಕೀಲರಿಗೆ 35,000. ಒಟ್ಟು ಸುಮಾರು 87.9 ಲಕ್ಷ.

ಈಗ 80ಕ್ಕೆ ಇಳಿಯುವ ಮಾಲೀಕರಿಂದ ನೇರವಾಗಿ ಕೊಂಡರೆ? 80 ಲಕ್ಷಕ್ಕೆ ಶೇ 7.6 ಸೇರಿಸಿ, 86.1 ಲಕ್ಷ. ಬಾಕಿಯೆಲ್ಲ ಅವರೇ ತೀರಿಸಿ ಕೊಡುತ್ತಾರೆ, ಕೊಳ್ಳುವ ಮೊದಲೇ ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಬಹುದು. ಅಂದರೆ 76ಕ್ಕೆ ಹರಾಜಿನಲ್ಲಿ ಹಿಡಿಯುವುದು ನೇರ ಖರೀದಿಗಿಂತ ದುಬಾರಿ.

ಹಾಗಾಗಿ ಹಿಂದಿನಿಂದ ಲೆಕ್ಕ ಹಾಕಿ. ಹರಾಜಿನ ತಾಪತ್ರಯಕ್ಕೆ ಪ್ರತಿಯಾಗಿ ಕನಿಷ್ಠ 6 ಲಕ್ಷವಾದರೂ ಉಳಿಯಬೇಕು, ಎಲ್ಲ ಸೇರಿ 80 ಲಕ್ಷ ಮೀರಬಾರದು ಎಂದರೆ: 80ರಲ್ಲಿ ಬಾಕಿ, ರಿಪೇರಿ, ವಕೀಲರ ಖರ್ಚು 6.15 ಕಳೆಯಿರಿ, 73.85. ಅದನ್ನು 1.076ರಿಂದ ಭಾಗಿಸಿ, 68.6 ಲಕ್ಷ. ಇದೇ ನಿಮ್ಮ ಕೊನೆಯ ಕೂಗು. ಮೀಸಲು ಬೆಲೆಯೇ 72 ಇರುವಾಗ ಈ ಸುತ್ತಿನಲ್ಲಿ ನಿಮಗೆ ಕೆಲಸವಿಲ್ಲ. ಯಾರೂ ಬರದಿದ್ದರೆ ಮುಂದಿನ ಸುತ್ತಿಗೆ ಬ್ಯಾಂಕ್ ಮೀಸಲು ಬೆಲೆ ಇಳಿಸುವುದು ವಾಡಿಕೆ. ಶೇ 10 ಇಳಿದರೆ 64.8. ಆಗ ಹೋಗಿ. ಇನ್ನೊಬ್ಬರು 70 ಕೂಗಿದರೆ ಬಿಟ್ಟುಬಿಡಿ; ಆನ್‌ಲೈನ್ ಹರಾಜಿನ ಕೊನೆಯ ನಿಮಿಷಗಳಲ್ಲಿ ಬಿಡ್ ಬಿದ್ದಂತೆಲ್ಲ ಸಮಯ ವಿಸ್ತರಣೆಯಾಗುತ್ತದೆ, ಅಲ್ಲೇ ಜನ ತಮ್ಮ ಮಿತಿ ಮರೆಯುವುದು.

ಹಣ ಕಟ್ಟುವ ವೇಳೆಯೂ ಮುಖ್ಯ. ಇಎಂಡಿ (ಹರಾಜಿಗೆ ಸೇರಲು ಮೊದಲೇ ಕಟ್ಟುವ ಠೇವಣಿ) ಸಾಮಾನ್ಯವಾಗಿ ಮೀಸಲು ಬೆಲೆಯ ಶೇ 10. ಗೆದ್ದ ದಿನ ಅಥವಾ ತಪ್ಪಿದರೆ ಮರು ಕೆಲಸದ ದಿನದೊಳಗೆ, ಇಎಂಡಿಯೂ ಸೇರಿ ಶೇ 25 ತುಂಬಬೇಕು. ಮಿಕ್ಕ ಶೇ 75 ಮಾರಾಟ ದೃಢೀಕರಣವಾದ 15 ದಿನದೊಳಗೆ; ಬ್ಯಾಂಕ್ ಬರೆದು ಒಪ್ಪಿದರೆ ಮಾತ್ರ ವಿಸ್ತರಣೆ, ಅದೂ ಮೂರು ತಿಂಗಳು ಮೀರುವಂತಿಲ್ಲ. 68.5ಕ್ಕೆ ಗೆದ್ದರೆ, 64.8ರ ಮೀಸಲು ಬೆಲೆಗೆ ಕಟ್ಟಿದ 6.48 ಲಕ್ಷ ಇಎಂಡಿ ಕಳೆದು, ಮರುದಿನ ಕಟ್ಟಬೇಕಾದದ್ದು 10.64 ಲಕ್ಷ, 15 ದಿನದಲ್ಲಿ 51.4 ಲಕ್ಷ. ತಪ್ಪಿದರೆ ಕಟ್ಟಿದ ಶೇ 25 ಹೋಯಿತು. ನಷ್ಟವಾದಷ್ಟು ಮಾತ್ರ ಹಿಡಿದುಕೊಳ್ಳಲಿ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿದೆ. ಗೆದ್ದ ಮೇಲೆ ಸಾಲಕ್ಕೆ ಅರ್ಜಿ ಹಾಕಿದರೆ 15 ದಿನ ಸಾಲದು. ಆ ಫ್ಲ್ಯಾಟಿನ ದಾಖಲೆಗಳ ಪ್ರತಿ ಮೊದಲೇ ಪಡೆದು, ಸಾಲ ಕೊಡುವ ಬ್ಯಾಂಕಿನಿಂದ ಕಾನೂನು ಮತ್ತು ತಾಂತ್ರಿಕ ವರದಿ ಮುಗಿಸಿಕೊಂಡೇ ಕೂಗಬೇಕು. 30ರಿಂದ 75 ಲಕ್ಷದವರೆಗಿನ ಗೃಹ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಆಸ್ತಿ ಮೌಲ್ಯದ ಶೇ 80. ಮುದ್ರಾಂಕ ಶುಲ್ಕ ಆ ಮೌಲ್ಯದಲ್ಲಿ ಸೇರುವುದಿಲ್ಲ. 51 ಲಕ್ಷ ಸಾಲ ಎದ್ದರೆ ನಿಮ್ಮ 30 ಲಕ್ಷ ಮುಟ್ಟಿಯೂ ಮುಟ್ಟದ ಹಾಗೆ ಸಾಲುತ್ತದೆ.

ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ 1 ಟಿಡಿಎಸ್ ಹಿಡಿಯಬೇಕು. ಅದು ಬ್ಯಾಂಕಿನ ಪ್ಯಾನ್‌ಗೆ ಅಲ್ಲ, ಮನೆಯ ಮೂಲ ಮಾಲೀಕರ ಪ್ಯಾನ್‌ಗೆ. ಅವರ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಶೇ 20ರ ದರ ನಿಮ್ಮ ಕುತ್ತಿಗೆಗೆ ಬರಬಹುದು. ಪ್ಯಾನ್ ಸಂಖ್ಯೆ ಮತ್ತು ಅದರ ಸ್ಥಿತಿಯನ್ನು ಹರಾಜಿಗೆ ಮೊದಲೇ ಬ್ಯಾಂಕಿನಿಂದ ಕೇಳಿ ಪಡೆಯಿರಿ.

ದಸ್ತಾವೇಜು

ಲೆಕ್ಕ ಸರಿಯಾಗಿದೆ. ಕಾಗದಪತ್ರದ ಕಡೆಯಿಂದ ನಾನು ಸೇರಿಸುತ್ತೇನೆ.

ಹರಾಜು ಪ್ರಕಟಣೆಯಲ್ಲಿ "ಎಲ್ಲಿದೆಯೋ ಹಾಗೆ, ಹೇಗಿದೆಯೋ ಹಾಗೆ" ಎಂದಿರುತ್ತದೆ. ಬ್ಯಾಂಕ್ ಹೇಳದ ದೋಷ ಆಮೇಲೆ ಕಂಡರೆ ನಿಮ್ಮದೇ. ಹಾಗಾಗಿ ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಇಮೇಲ್ ಬರೆದು ಇಷ್ಟು ಕೇಳಿ: 13(2) ನೋಟಿಸ್ (60 ದಿನದಲ್ಲಿ ಸಾಲ ತೀರಿಸಿ ಎನ್ನುವುದು) ಯಾವ ದಿನಾಂಕದ್ದು, ಅದು ಸಾಲಗಾರರಿಗೆ ಮತ್ತು ಪ್ರತಿಯೊಬ್ಬ ಜಾಮೀನುದಾರರಿಗೆ ಮುಟ್ಟಿದೆಯೇ, ಅವರ ಆಕ್ಷೇಪಣೆಗೆ 15 ದಿನದಲ್ಲಿ ಉತ್ತರ ಹೋಗಿದೆಯೇ, 60 ದಿನ ಕಳೆದ ಮೇಲೇ ಸ್ವಾಧೀನದ ನೋಟಿಸ್ ಅಂಟಿಸಿದ್ದಾರೆಯೇ, ಅದು ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ (ಒಂದು ಕನ್ನಡದ್ದು) ಬಂದಿದೆಯೇ, ಮಾರಾಟದ ನೋಟಿಸ್‌ಗೆ ಮೊದಲ ಹರಾಜಾದರೆ 30 ದಿನ, ಮರುಹರಾಜಾದರೆ 15 ದಿನ ಸಿಕ್ಕಿದೆಯೇ. ಇವುಗಳಲ್ಲಿ ಒಂದು ಕೊಂಡಿ ಕಳಚಿದ್ದರೂ ಸಾಲಗಾರರು ಸೆಕ್ಷನ್ 17ರ ಅಡಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋದಾಗ ಹರಾಜೇ ರದ್ದಾಗಬಹುದು. ಅರ್ಜಿ ಹಾಕಲು ಅವರಿಗೆ 45 ದಿನ ಇರುತ್ತದೆ. ಈಗಾಗಲೇ ಕೇಸು ಇದೆಯೇ ಎಂದು ನ್ಯಾಯಮಂಡಳಿಯ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಿ. ಹೈಕೋರ್ಟ್ ಮತ್ತು ಸಿವಿಲ್ ಕೋರ್ಟುಗಳಲ್ಲೂ ಹಾಗೆಯೇ. ಹೆಸರಿನ ಇಂಗ್ಲಿಷ್ ಕಾಗುಣಿತ ಎರಡು ಮೂರು ರೀತಿ ಬದಲಿಸಿ ನೋಡಿ.

ಸಾಲಗಾರರು ಕೊನೆ ಗಳಿಗೆಯಲ್ಲಿ ದುಡ್ಡು ಕಟ್ಟಿ ಬಿಡಿಸಿಕೊಂಡರೆ ಎಂಬ ಭಯ ಹಲವರಿಗೆ. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜು ಪ್ರಕಟಣೆ ಬರುವವರೆಗೆ ಮಾತ್ರ. ಹರಾಜು ದೃಢವಾದ ಮೇಲೆ ಬ್ಯಾಂಕ್ ಸಾಲಗಾರರ ಜೊತೆ ಕೈಕುಲುಕಿ ಖರೀದಿದಾರನನ್ನು ಕೈಬಿಡುವಂತಿಲ್ಲ ಎಂದು ಸೆಲಿರ್ ಎಲ್‌ಎಲ್‌ಪಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿತು.

ಆಸ್ತಿಯ ಮೂಲವನ್ನು ಬ್ಯಾಂಕ್ ಸಾಲ ಕೊಡುವಾಗ ನೋಡಿರುತ್ತದೆ ಎಂದು ಸುಮ್ಮನಿರಬೇಡಿ. ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಒಸಿ), ಪಾಲಿಕೆಯ ದಾಖಲೆಯಲ್ಲಿ ಎ ಖಾತೆಯೋ (ಕ್ರಮಬದ್ಧ) ಬಿ ಖಾತೆಯೋ (ನಿಯಮ ಪೂರ್ತಿ ಪಾಲಿಸದ್ದು), ಕಟ್ಟಡ ನಿಂತ ಜಮೀನು ಹಿಂದೆ ಪರಿಶಿಷ್ಟರಿಗೆ ಮಂಜೂರಾದದ್ದೋ (ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯವಾಗುತ್ತದೆಯೋ) ಎಲ್ಲವನ್ನೂ ಹೊಸ ಖರೀದಿಯಂತೆಯೇ ನೋಡಬೇಕು. ಇ-ಖಾತಾ (ಆನ್‌ಲೈನ್ ಖಾತೆ) ಆಗಿದೆಯೇ ಎಂದು ಕೇಳಿ. ಆಗಿಲ್ಲದಿದ್ದರೆ ಅದನ್ನು ಯಾರು ಮಾಡಿಸಬೇಕು ಎಂದು ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ನೋಂದಣಿ ಅಲ್ಲೇ ನಿಲ್ಲುತ್ತದೆ, ಹಳೇ ಮಾಲೀಕರು ಸಹಕರಿಸುವುದಿಲ್ಲ.

ಸೇಲ್ ಸರ್ಟಿಫಿಕೇಟ್ (ಹರಾಜಿನಲ್ಲಿ ಗೆದ್ದವರಿಗೆ ಬ್ಯಾಂಕ್ ಕೊಡುವ ಮಾರಾಟ ಪತ್ರ) ವಿಷಯದಲ್ಲಿ ಎರಡು ಮಾತು. ಬಿಡ್ ಮಾಡಿದವರ ಹೆಸರಿಗೆ ಮಾತ್ರ ಅದು ಬರುತ್ತದೆ, ಆಮೇಲೆ ಹೆಂಡತಿಯ ಹೆಸರು ಸೇರಿಸಿ ಎಂದರೆ ಬ್ಯಾಂಕ್ ಒಪ್ಪುವುದಿಲ್ಲ. ಜಂಟಿಯಾಗಿ ಬೇಕಿದ್ದರೆ ಬ್ಯಾಂಕ್‌ನೆಟ್ (ಸರ್ಕಾರಿ ಬ್ಯಾಂಕುಗಳ ಇ-ಹರಾಜು ತಾಣ) ಅಥವಾ ಆ ಬ್ಯಾಂಕ್ ಬಳಸುವ ಬೇರೆ ಪೋರ್ಟಲಿನಲ್ಲಿ ನೋಂದಾಯಿಸುವಾಗಲೇ ಜಂಟಿ ಬಿಡ್ ಆಗಿಸಿ. ಎರಡನೆಯದು, ಸಹಿ ಬೀಳುವ ಮೊದಲು ಕರಡನ್ನು ಮೂಲ ಕ್ರಯಪತ್ರದ ಷೆಡ್ಯೂಲ್ ಜೊತೆ ಸಾಲು ಸಾಲು ಹೋಲಿಸಿ. ಬಿಟ್ಟುಹೋಗುವುದು ಸಾಮಾನ್ಯವಾಗಿ ಕಾರ್ ಪಾರ್ಕಿಂಗ್ ಮತ್ತು ಜಮೀನಿನ ಅವಿಭಾಜ್ಯ ಪಾಲಿನ ಅಳತೆ.

ಮೂರನೇ ಬ್ಲಾಕ್

ಇಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ: 240ರಲ್ಲಿ ಐದು ಮನೆ ಒಟ್ಟಿಗೆ ಹರಾಜಿಗೆ ಯಾಕೆ ಬಂದವು? ಕಾಯಬೇಕೋ ಬೇಡವೋ ಎಂಬುದಕ್ಕೆ ಉತ್ತರ ಅಲ್ಲಿದೆ.

ಐದು ಬೇರೆ ಬೇರೆ ಬ್ಯಾಂಕುಗಳ, ಬೇರೆ ಬೇರೆ ವರ್ಷದ ಸಾಲಗಳಾದರೆ ಅದು ಐದು ಕುಟುಂಬಗಳ ಕಷ್ಟ. ಕೆಲಸ ಹೋಗಿದ್ದು, ವ್ಯಾಪಾರ ಕೆಟ್ಟದ್ದು. ಐದು ಮಾರಾಟವಾದ ಮೇಲೆ ಬೆಲೆ ನಿಲ್ಲುತ್ತದೆ. ಐದೂ ಒಂದೇ ಸಂಸ್ಥೆಯಿಂದ, ಒಂದೇ ಆರು ತಿಂಗಳಲ್ಲಿ ಕೊಟ್ಟ ಸಾಲಗಳಾದರೆ ಬೇರೆಯೇ ಕಥೆ. ಕೀಲಿ ಕೊಡುವವರೆಗೆ ಬಿಲ್ಡರೇ ಬಡ್ಡಿ ಕಟ್ಟುವ ಯೋಜನೆಯಲ್ಲಿ ಹೂಡಿಕೆದಾರರು ಕೊಂಡ ಮನೆಗಳು ಅವಾಗಿರಬಹುದು. ಆ ಬಡ್ಡಿಯೂ ಮನೆಯ ಬೆಲೆಯೊಳಗೇ ಸೇರಿರುತ್ತಿತ್ತು, ಅಂದರೆ ಮೊದಲ ದಿನದ ಮೌಲ್ಯವೇ ಉಬ್ಬಿದ್ದು. ಇಂಥ ಯೋಜನೆಗಳಿಂದ ದೂರವಿರಿ ಎಂದು ರಾಷ್ಟ್ರೀಯ ಗೃಹ ಬ್ಯಾಂಕ್ 2019ರ ಜುಲೈನಲ್ಲಿ ಗೃಹ ಸಾಲ ಕಂಪನಿಗಳಿಗೆ ಹೇಳಿತ್ತು. ಹಾಗಿದ್ದರೆ ಐದರ ಹಿಂದೆ ಇನ್ನೂ ಹತ್ತು ಬರುವುದಿದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಈ ಫ್ಲ್ಯಾಟ್‌ಗಳ ಋಣಭಾರ ಪತ್ರ (ಇಸಿ) ತೆಗೆಸಿದರೆ ಅಡಮಾನ ಯಾರಿಗೆ, ಯಾವ ವರ್ಷ ನೋಂದಣಿಯಾಯಿತು ಎಂಬುದು ಕಾಣುತ್ತದೆ.

ಸ್ವಾಧೀನಾನುಭವ ಪತ್ರವೇ ಇಲ್ಲದ ಕಟ್ಟಡವಾದರೆ ಹಲವು ಬ್ಯಾಂಕುಗಳು ಹೊಸ ಸಾಲ ಕೊಡುವುದಿಲ್ಲ, ನಗದು ಇರುವವರು ಮಾತ್ರ ಕೊಳ್ಳುತ್ತಾರೆ, ಬೆಲೆ ಏಳುವುದಿಲ್ಲ. ನಾಳೆ ನೀವು ಮಾರುವಾಗಲೂ ಅದೇ ಗೋಡೆ ಎದುರಾಗುತ್ತದೆ.

ಇನ್ನೊಂದು ಸಂಗತಿ. ಹರಾಜಿನ ಸೇಲ್ ಸರ್ಟಿಫಿಕೇಟುಗಳು ನೋಂದಣಿಯಾದ ಮೇಲೆ ಮೌಲ್ಯಮಾಪಕರು ಅವನ್ನೂ ಹೋಲಿಕೆಗೆ ಹಿಡಿಯಬಹುದು. ಎರಡು ಮನೆ 65ಕ್ಕೆ ಹೋದವು ಅಂದರೆ ಮೂರನೆಯದನ್ನು 85ಕ್ಕೆ ಮಾರುವವರ ಗಿರಾಕಿಗೆ ಬ್ಯಾಂಕ್ 85ರ ಮೇಲೆ ಸಾಲ ಕೊಡಲು ಹಿಂಜರಿಯುತ್ತದೆ. ಗಿರಾಕಿಯ ಮುಂಗಡ ಹಣದ ಭಾರ ಏರುತ್ತದೆ, ವ್ಯವಹಾರ ಮುರಿಯುತ್ತದೆ. ನಿಮ್ಮ ಸಾಲಕ್ಕೂ ಇದೇ ಆದೀತು, 51 ಲಕ್ಷ ಖಂಡಿತ ಬರುತ್ತದೆಂದು ಬರೆದಿಟ್ಟುಕೊಳ್ಳಬೇಡಿ.

ನಿರ್ವಹಣಾ ಬಾಕಿಯ ಬಗ್ಗೆ: ನಿವಾಸಿಗಳ ಸಂಘದ ಕಚೇರಿಯಿಂದ ದಿನಾಂಕ ಹಾಕಿದ ಪತ್ರ ಪಡೆಯಿರಿ, ಅಸಲು, ಬಡ್ಡಿ, ದಂಡ ಬೇರೆ ಬೇರೆ ನಮೂದಾಗಿರಲಿ. ಬಡ್ಡಿ ಮನ್ನಾ ಮಾಡಿಸಿಕೊಳ್ಳುವ ಮಾತು ಹರಾಜಿಗೆ ಮೊದಲೇ ಆಗಲಿ, ಸಮಿತಿಯ ಠರಾವಿನಲ್ಲಿ ಬರಲಿ. ವರ್ಷಗಟ್ಟಲೆ ಒಂದು ಪೈಸೆ ಬರದ ಮನೆಯಿಂದ ಅಸಲಾದರೂ ಬಂದರೆ ಸಾಕು ಎನ್ನುವ ಸಂಘಗಳೇ ಹೆಚ್ಚು. ವಿದ್ಯುತ್ತಿಗೆ ಆರ್‌ಆರ್ ಸಂಖ್ಯೆ ಹಾಕಿ ಬಾಕಿ ನೋಡಿ. ಹಳೇ ಮಾಲೀಕರ ಬಾಕಿ ನನಗೆ ಸಂಬಂಧವಿಲ್ಲ ಎಂಬ ವಾದ ಎಲ್ಲೆಡೆ ನಡೆಯದು. ನಿಯಮಾವಳಿಯಲ್ಲಿ ಅವಕಾಶವಿದ್ದರೆ ಬಾಕಿ ತೀರಿಸದೆ ಸಂಪರ್ಕ ಕೊಡಲು ವಿದ್ಯುತ್ ಕಂಪನಿ ನಿರಾಕರಿಸಬಹುದು ಎಂದು 2023ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೊಸಿಲು

ಎಲ್ಲರಿಗೂ ಧನ್ಯವಾದ. ಋಣಭಾರ ಪತ್ರಗಳಿಗೆ ಅರ್ಜಿ ಹಾಕುತ್ತೇನೆ. ಆದರೆ ಏಳನೇ ಮಹಡಿಯ 61 ಲಕ್ಷದ ಮನೆಯ ಬಗ್ಗೆ ಯಾರೂ ಹೇಳಲಿಲ್ಲ. 11 ಲಕ್ಷದ ವ್ಯತ್ಯಾಸಕ್ಕೆ ಒಂದು ವರ್ಷ ಕಾಯಬಹುದಲ್ಲವೇ? ಒಳಗಿರುವವರು ಮಾಲೀಕರಲ್ಲ, ಭೋಗ್ಯಕ್ಕೆ ಇರುವವರು ಎಂದು ಕಾವಲುಗಾರರು ಹೇಳಿದರು.

ಲೆಕ್ಕದ ಪುಸ್ತಕ

ಬರೀ ಬಡ್ಡಿ, ಬಾಡಿಗೆ ನೋಡಿದರೆ ಅದು ಅಗ್ಗವೇ, ಒಪ್ಪುತ್ತೇನೆ. 45 ಲಕ್ಷ ಸಾಲಕ್ಕೆ ಶೇ 8.5ರಲ್ಲಿ ತಿಂಗಳ ಬಡ್ಡಿ ಸುಮಾರು 32,000, ಜೊತೆಗೆ ಈಗಿನ ಬಾಡಿಗೆ 28,000. ಕೀಲಿ ಸಿಗುವವರೆಗೆ ತಿಂಗಳಿಗೆ 60,000 ಹೋಗುತ್ತದೆ. ಮೂರನೇ ಮಹಡಿಯ ಮನೆಗೆ 51 ಲಕ್ಷ ಸಾಲವಾದರೆ ಬಡ್ಡಿ 36,000, ಬಾಡಿಗೆ ಇಲ್ಲ. ವ್ಯತ್ಯಾಸ 24,000. ಹದಿನೆಂಟು ತಿಂಗಳು ಎಳೆದರೂ 4.3 ಲಕ್ಷ.

ಆದರೆ ಸಾಂಕೇತಿಕ ಸ್ವಾಧೀನದ ಮನೆಗೆ ಸಾಲ ಸಿಗುವುದು ಕಷ್ಟ. ಮೌಲ್ಯಮಾಪಕರು ಒಳಗೆ ಕಾಲಿಡದೆ ವರದಿ ಕೊಡುವುದಿಲ್ಲ, ವರದಿಯಿಲ್ಲದೆ ಹಣ ಬಿಡುಗಡೆಯಾಗುವುದಿಲ್ಲ, 15 ದಿನದ ಗಡುವು ಮಾತ್ರ ಓಡುತ್ತಲೇ ಇರುತ್ತದೆ. ಅದು ಪೂರ್ತಿ ನಗದು ಇರುವವರ ಆಟ. 30 ಲಕ್ಷ ಇಟ್ಟುಕೊಂಡು ಇಎಂಡಿ ಕಟ್ಟಿದರೆ ಕಳೆದುಕೊಳ್ಳುವುದು ಶೇ 25, ಅಂದರೆ ಕನಿಷ್ಠ 15 ಲಕ್ಷ. ದಯವಿಟ್ಟು ಬೇಡ.

ದಸ್ತಾವೇಜು

ಭೋಗ್ಯ ಎಂದಿರಿ, ಅದು ಗಂಭೀರ. ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವವರು ಅವರು. ಬಹುಪಾಲು ಕರಾರುಗಳು ಸ್ಟಾಂಪ್ ಪೇಪರ್ ಮೇಲೆ ಬರೆದವು, ನೋಂದಣಿ ಆಗಿರುವುದಿಲ್ಲ. ಬ್ಯಾಂಕಿನ ಒಪ್ಪಿಗೆ ಮೊದಲೇ ಇಲ್ಲ. 13(2) ನೋಟಿಸ್ ಬಂದ ಮೇಲೆ ಮಾಡಿದ ಕರಾರಾದರೆ ಸೆಕ್ಷನ್ 13(13)ರ ಪ್ರಕಾರ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕೇ ಬೇಕು. ಕಾನೂನಿನಲ್ಲಿ ಬ್ಯಾಂಕಿನ ಎದುರು ಅವರ ನೆಲೆ ದುರ್ಬಲ. ಆ ಹಣವನ್ನು ಅವರು ಮಾಲೀಕರಿಂದ ವಸೂಲು ಮಾಡಿಕೊಳ್ಳಬೇಕು, ಮಾಲೀಕರ ಹತ್ತಿರ ದುಡ್ಡಿದ್ದಿದ್ದರೆ ಮನೆ ಹರಾಜಿಗೇ ಬರುತ್ತಿರಲಿಲ್ಲ. ಹಾಗಾಗಿ ಅವರು ಸುಲಭಕ್ಕೆ ಏಳುವುದಿಲ್ಲ, ಸೆಕ್ಷನ್ 17(4ಎ) ಅಡಿ ನ್ಯಾಯಮಂಡಳಿಗೆ ಹೋಗುತ್ತಾರೆ. ಖಾಲಿ ಮಾಡಿಸಲು ಬ್ಯಾಂಕ್ ಸೆಕ್ಷನ್ 14ರ ಅಡಿ ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕು. 30 ದಿನ, ಕಾರಣ ಬರೆದರೆ ಒಟ್ಟು 60 ದಿನದಲ್ಲಿ ಆದೇಶ ಆಗಬೇಕೆಂದು ಕಾಯ್ದೆ ಹೇಳುತ್ತದೆ. ನಡೆಯುವುದು ನಿಧಾನ, ಆದೇಶವಾದ ಮೇಲೂ ಕೋರ್ಟ್ ಕಮಿಷನರ್, ಪೊಲೀಸ್ ಬಂದೋಬಸ್ತ್ ಎಂದು ದಿನ ಹೋಗುತ್ತದೆ. ನಗದು ಇರುವವರು ಇಂಥ ಮನೆ ಕೊಳ್ಳುವಾಗ ಒಳಗಿರುವವರಿಗೆ ಮನೆ ಬದಲಿಸುವ ಖರ್ಚು ಕೊಡುವ ಒಪ್ಪಂದವನ್ನೂ ಬಜೆಟ್ಟಿಗೆ ಸೇರಿಸಿರುತ್ತಾರೆ. ಎಲ್ಲರಿಗೂ ಅದೇ ಒಳ್ಳೆಯದು.

ಭೋಗ್ಯಕ್ಕೆ ಮನೆ ಹುಡುಕುತ್ತಿರುವವರು ಇದನ್ನು ಓದುತ್ತಿದ್ದರೆ: ಹಣ ಕೊಡುವ ಮೊದಲು ಋಣಭಾರ ಪತ್ರ ನೋಡಿ, ಸೆರ್ಸಾಯ್ (ಅಡಮಾನಗಳ ಕೇಂದ್ರ ದಾಖಲೆ) ತಾಣದಲ್ಲಿ ಅಡಮಾನ ಇದೆಯೇ ಎಂದು ಅಲ್ಪ ಶುಲ್ಕ ಕಟ್ಟಿ ಹುಡುಕಿ, ಸಾಲವಿದ್ದರೆ ಈ ತಿಂಗಳ ಸಾಲದ ಸ್ಟೇಟ್‌ಮೆಂಟ್ ಮತ್ತು ಬ್ಯಾಂಕಿನ ಒಪ್ಪಿಗೆ ಪತ್ರ ಕೇಳಿ, ಕರಾರನ್ನು ನೋಂದಣಿ ಮಾಡಿಸಿ. ಕೊಡದಿದ್ದರೆ ಬೇರೆ ಮನೆ ನೋಡಿ.

ಮೂರನೇ ಬ್ಲಾಕ್

ಕಂತು ತಪ್ಪಿದವರೂ ಇಲ್ಲಿ ಓದುತ್ತಿರುತ್ತಾರೆ, ಅವರಿಗೆ ಎರಡು ಮಾತು. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ಕೆಟ್ಟ ಸಾಲ). ಆಮೇಲೆ ಒಂದೆರಡು ಕಂತು ಕಟ್ಟಿದರೆ ಅದು ಸರಿಯಾಗುವುದಿಲ್ಲ, ಬಾಕಿ ಬಿದ್ದ ಅಸಲು ಮತ್ತು ಬಡ್ಡಿ ಪೂರ್ತಿ ತೀರಬೇಕು. ಆದ್ದರಿಂದ ಸಾಲ ಮರುಹೊಂದಾಣಿಕೆಯ ಮಾತು ಮೊದಲ ಕಂತು ತಪ್ಪಿದ ತಿಂಗಳೇ ಆಗಲಿ. ಉಳಿಸಿಕೊಳ್ಳಲು ಆಗದು ಎಂದು ಖಚಿತವಾದರೆ 60 ದಿನದ ನೋಟಿಸ್ ಅವಧಿಯಲ್ಲೇ ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ನೀವೇ ಮಾರಿ. ಖರೀದಿದಾರರ ಬ್ಯಾಂಕ್ ನಿಮ್ಮ ಸಾಲವನ್ನು ನೇರವಾಗಿ ತೀರಿಸಿ ಮೂಲ ದಾಖಲೆ ಪಡೆಯುವ ವ್ಯವಸ್ಥೆ ಮಾಮೂಲು. ಇಲ್ಲಿನ ಲೆಕ್ಕವನ್ನೇ ನೋಡಿ: 80ಕ್ಕೆ ಹೋಗಬಹುದಾದ ಮನೆ ಮರುಹರಾಜಿನಲ್ಲಿ 68ಕ್ಕೆ ಹೋಗುತ್ತದೆ, ವಸೂಲಿ ಖರ್ಚೂ ನಿಮ್ಮ ಲೆಕ್ಕಕ್ಕೇ. ಹರಾಜಿನ ಹಣ ಸಾಲ ತೀರಿ ಮಿಕ್ಕರೆ ನಿಮಗೆ ಬರಬೇಕು, ಲೆಕ್ಕ ಬರೆದು ಕೇಳಿ. ಕಡಿಮೆ ಬಿದ್ದರೆ ಉಳಿದದ್ದಕ್ಕೆ ಬ್ಯಾಂಕ್ ನಿಮ್ಮನ್ನೇ ಹಿಡಿಯುತ್ತದೆ. ಹರಾಜಾದರೂ ಬಂಡವಾಳ ಲಾಭದ ತೆರಿಗೆ ಮಾಲೀಕರದೇ.

ಹೊಸಿಲು ಅವರೇ, ಮೂರನೇ ಮಹಡಿಯ ಮನೆಯ ಈ ಸುತ್ತಿನ ಫಲಿತಾಂಶವನ್ನು ಪೋರ್ಟಲಿನಲ್ಲಿ ನೋಡುತ್ತಿರಿ. ಬಿಡ್ ಬರದಿದ್ದರೆ ಮರುಹರಾಜಿಗೆ 15 ದಿನದ ನೋಟಿಸ್ ಮಾತ್ರ. ಸಾಲದ ಬ್ಯಾಂಕಿನ ಕಾನೂನು ವರದಿ ಅಷ್ಟರಲ್ಲಿ ಮುಗಿಯದು, ಈ ವಾರವೇ ದಾಖಲೆ ಕೊಟ್ಟುಬಿಡಿ. ಜೊತೆಗೆ ಆ 80 ಲಕ್ಷದ ಮಾಲೀಕರನ್ನೂ ಒಮ್ಮೆ ಕಂಡು ಬನ್ನಿ. ಅವರು 76ಕ್ಕೆ ಒಪ್ಪಿದರೆ ನೋಂದಣಿ ಸೇರಿ 81.8 ಲಕ್ಷ, ಹರಾಜಿನ ಗೊಡವೆಯೇ ಬೇಡ.